ಕೇಕಕ್ಕನ ಬಾಯಿಗೆ ಕಾವಲು

ಮೀಟರಿನಲ್ಲಿ ಮೂಡಿದ ಅಂಕಿಯನ್ನು ಗಂಡ ಮೊದಲು ನೋಡಿದ, ಆಮೇಲೆ ಹೆಂಡತಿಯ ಬಾಯಿ ನೋಡಿದ. ಅಂಕಿ ನೋಡಿದ್ದಕ್ಕೆ ಅವಳಿಗೇನೂ ಅನ್ನಿಸಲಿಲ್ಲ. ಬಾಯಿ ನೋಡಿದ್ದಕ್ಕೆ ಮೈ ಉರಿದುಹೋಯಿತು. ಕೆಲವು ವಾರಗಳಿಂದ ಬೆಳಗಾದರೆ ಇದೇ ಪಾಡು. ಬೆರಳಿಗೆ ಸೂಜಿ ಚುಚ್ಚಿ ಒಂದು ಹನಿ ರಕ್ತವನ್ನು ಪಟ್ಟಿಗೆ ತಾಗಿಸುವುದು, ಮೀಟರು ಮುನ್ನೂರರ ಮೇಲೆ ಏನೋ ಒಂದು ತೋರಿಸುವುದು, ಗಂಡ ಅವಳ ತುಟಿಯ ಅಂಚಿನಲ್ಲಿ ಸಕ್ಕರೆ ಪುಡಿ ಅಂಟಿಕೊಂಡಿದೆಯೋ ಎಂಬಂತೆ ಹುಡುಕುವುದು.

"ನಿನ್ನೆ ಏನು ತಿಂದೆ?"

"ನೀವೇ ಎದುರಿಗೆ ಕೂತಿದ್ರಲ್ಲ."

"ಮನೇಲಿ ತಿಂದಿದ್ದು ನೋಡಿದೆ."

ಹೇಳಬೇಕಾದ್ದೆಲ್ಲ ಆ 'ಮನೇಲಿ' ಎಂಬ ಒಂದೇ ಮಾತಿನಲ್ಲಿ ಅಡಗಿ ಕೂತಿತ್ತು. ಯಾಕೆಂದರೆ ಅವಳ ಕೆಲಸ ಬೇಕರಿಯಲ್ಲಿ. ಮದುವೆಗೆ ಮುಂಚಿನಿಂದಲೂ ಕೇಕಿನ ಮೇಲೆ ಕ್ರೀಮಿನ ಹೂವು ಬಿಡಿಸುವುದೇ ಅವಳ ಕಸುಬು. ತಿರುಗುವ ಮಣೆಯ ಮೇಲೆ ಕೇಕಿಟ್ಟು, ಕ್ರೀಮಿನ ಚೀಲವನ್ನು ಮುಷ್ಟಿಯಲ್ಲಿ ಹಿಡಿದು ಅವಳು ಗುಲಾಬಿ ಸುತ್ತಲು ನಿಂತರೆ, ಬ್ರೆಡ್ಡು ಕೊಳ್ಳಲು ಬಂದವರು ಬ್ರೆಡ್ಡು ಮರೆಯುತ್ತಿದ್ದರು. ಚಿಕ್ಕವರು ದೊಡ್ಡವರೆನ್ನದೆ ಎಲ್ಲರ ಬಾಯಲ್ಲೂ ಅವಳು ಕೇಕಕ್ಕ. ಅತ್ತೆ ಕೂಡ ಪಕ್ಕದ ಮನೆಯವರ ಹತ್ತಿರ ಹೆಮ್ಮೆಯಿಂದ "ನಮ್ಮ ಕೇಕಕ್ಕ" ಎನ್ನುತ್ತಿದ್ದರು ಎಂದರೆ ನೋಡಿ, ಸೊಸೆಯನ್ನು ಹಾಗೆ ಕರೆಯುವ ಅತ್ತೆಯರು ಎಷ್ಟು ಜನ ಸಿಕ್ಕಾರು?

ಗಂಡನದು ಅದಕ್ಕೆ ಉಲ್ಟಾ ಕಸುಬು. ಊರಾಚೆಯ ಕೋಲ್ಡ್ ಸ್ಟೋರೇಜಿನಲ್ಲಿ ಅವನೇ ಮುಖ್ಯ ಮೆಕ್ಯಾನಿಕ್. ಮೀನು, ಬಟಾಣಿ, ಬೆಣ್ಣೆ, ಮಾಂಸ, ಏನೇ ಬರಲಿ ಅದನ್ನು ಕಲ್ಲಿನಂತೆ ಮರಗಟ್ಟಿಸಿ ವರ್ಷವಿಡೀ ಕಾಪಾಡುವುದು ಅವನ ಹೊಣೆ. ಚಳಿ ಎಂದರೆ ಅವನಿಗೆ ಅಷ್ಟು ನಂಬಿಕೆ. ಬಿಸಿಯಲ್ಲಿ ಎಲ್ಲವೂ ಕೆಡುತ್ತದೆ, ಚಳಿಯಲ್ಲಿ ಯಾವುದೂ ಕೆಡುವುದಿಲ್ಲ ಎಂಬುದು ಅವನು ಕಲಿತ ವಿದ್ಯೆಯ ಸಾರ. "ನಮ್ಮನೆ ಐಸ್‌ಪೆಟ್ಟಿಗೆ" ಎಂದು ಅವಳು ಅವನನ್ನು ಛೇಡಿಸುತ್ತಿದ್ದಳು. ಅವನು ನಗುತ್ತಿದ್ದ. ಆಗ ಆ ಮನೆಯಲ್ಲಿ ನಗು ಇತ್ತು.

ಕಾಯಿಲೆ ಬಂದದ್ದು ಕಳ್ಳನ ಹಾಗೆ. ಮೊದಲು ಬಾಯಾರಿಕೆ; ಬಿಂದಿಗೆ ಎತ್ತಿ ಕುಡಿದರೂ ತೀರದು. ಆಮೇಲೆ ರವಿಕೆ ಸಡಿಲವಾಯಿತು. ನೋಡಿದವರೆಲ್ಲ "ಏನ್ರೀ, ಚೆನ್ನಾಗಿ ಸಣ್ಣ ಆಗಿದೀರಿ" ಎಂದು ಹೊಗಳಿದರು. ಮೂವತ್ತೇಳನೇ ವಯಸ್ಸಿನಲ್ಲಿ ಯಾರಿಗೆ ತಾನೇ ಆ ಮಾತು ಬೇಡ? ಅವಳೂ ಉಬ್ಬಿದಳು. ಒಂದು ದಿನ ಬೇಕರಿಯಲ್ಲಿ ಕ್ರೀಮಿನ ಚೀಲ ಕೈಯಿಂದ ಜಾರಿತು, ಹಿಂದೆಯೇ ಅವಳೂ ನೆಲಕ್ಕೆ ಬಿದ್ದಳು. ಆಸ್ಪತ್ರೆಯ ಡಾಕ್ಟರಮ್ಮ ರಕ್ತ ಪರೀಕ್ಷೆ ಮಾಡಿಸಿ, ಇದು ಟೈಪ್ ಒನ್ ಡಯಾಬಿಟಿಸ್ ಎಂದರು. ಅದು ಮಕ್ಕಳಿಗೆ ಬರುವಂಥದ್ದಲ್ಲವೇ ಎಂದು ಗಂಡ ಕೇಳಿದ. ಯಾವ ವಯಸ್ಸಿನಲ್ಲಾದರೂ ಬರಬಹುದು, ತಿಂದು ಬಂದದ್ದಲ್ಲ, ದೇಹವೇ ತನ್ನ ಇನ್ಸುಲಿನ್ ಮಾಡುವ ಜಾಗವನ್ನು ಹಾಳು ಮಾಡಿಕೊಂಡಿದೆ, ಇನ್ನು ಜೀವ ಇರುವ ತನಕ ಹೊರಗಿನಿಂದ ಕೊಡಲೇಬೇಕು, ಬಿಟ್ಟರೆ ಜೀವಕ್ಕೇ ಸಂಚಕಾರ ಎಂದು ಡಾಕ್ಟರಮ್ಮ ಬಿಡಿಸಿ ಹೇಳಿದರು. ಹಾಗೆ ಹೇಳಿದ್ದರಲ್ಲಿ 'ತಿಂದು ಬಂದದ್ದಲ್ಲ' ಎಂಬ ಮಾತೊಂದು ಮಾತ್ರ ಮನೆಯವರ ಕಿವಿಗೆ ಬೀಳಲಿಲ್ಲ.

ಮನೆಗೆ ಕಳಿಸುವ ದಿನ ನರ್ಸು ಎರಡು ಬಗೆಯ ಸೀಸೆ ಕೊಟ್ಟಳು. ಒಂದು ನೀರಿನಂತೆ ತಿಳಿ, ಊಟಕ್ಕೆ ಮುಂಚೆ ಹಾಕಿಕೊಳ್ಳುವುದು. ಇನ್ನೊಂದು ಹಾಲಿನ ಬಣ್ಣದ್ದು, ಬೆಳಗ್ಗೆ ರಾತ್ರಿ ಹಾಕಿಕೊಳ್ಳುವುದು. ಹೊಟ್ಟೆಯ ಚರ್ಮ ಚಿವುಟಿ ಹಿಡಿದು ಸೂಜಿ ಇಳಿಸುವುದನ್ನು ಕಲಿಯುವುದರಲ್ಲಿ ಕೇಕಕ್ಕ ಮುಳುಗಿದ್ದಳು. ಬೇರೆ ಯಾವುದರ ಮೇಲೂ ಗಮನವಿರಲಿಲ್ಲ. ಔಷಧಿ ತಣ್ಣಗಿಡಬೇಕು, ಆದರೆ ಎಂದು ನರ್ಸು ಇನ್ನೂ ಏನೋ ಹೇಳಹೊರಟಿದ್ದಳು. ಅಷ್ಟರಲ್ಲಿ ಗಂಡ ಎದೆಯುಬ್ಬಿಸಿ, "ಅದೊಂದು ನನಗೆ ಬಿಡಿ ಸಿಸ್ಟರ್, ನಾನು ಕೋಲ್ಡ್ ಸ್ಟೋರೇಜಿನವನು" ಎಂದ. ನರ್ಸು ನಕ್ಕಳು, ಮುಂದಿನ ಮಾತಿಗೆ ಹೋದಳು.

ಮೊದಲ ಸೀಸೆಗಳು ಕೆಲಸ ಮಾಡಿದವು. ಅಂಕಿ ಇಳಿಯಿತು, ಮೈಯಲ್ಲಿ ಕಸುವು ತುಂಬಿತು, ಒಂದು ಬೆಳಗ್ಗೆ ಕೇಕಕ್ಕ ಕನ್ನಡಿ ಮುಂದೆ ನಿಂತು ತನ್ನ ಕೆನ್ನೆಯನ್ನೇ ಚಿವುಟಿ ನೋಡಿಕೊಂಡಳು. ಅದೇ ವಾರ ಮನೆಯ ಹಳೇ ಫ್ರಿಜ್ಜು ಕೈಕೊಟ್ಟಿತು. ಊರಿನವರ ಚಳಿಯೆಲ್ಲ ರಿಪೇರಿ ಮಾಡುವವನ ಮನೆಯ ಫ್ರಿಜ್ಜು ಯಾವತ್ತೂ ಅಷ್ಟೇ. ಅವನು ಅದನ್ನು ಹೇಗೋ ಮತ್ತೆ ಓಡಿಸಿದನಾದರೂ, "ಈ ಡಬ್ಬಾನ ನಂಬಿ ನಿನ್ನ ಜೀವ ಇಡ್ಲಾ?" ಎಂದು ಹೊಸದಾಗಿ ತಂದ ಸೀಸೆಗಳನ್ನೆಲ್ಲ ತಾನು ಕೆಲಸ ಮಾಡುವಲ್ಲಿಗೆ ಒಯ್ದ. ಬೇಕಾದಾಗ ಒಂದೊಂದನ್ನೇ ಥರ್ಮಾಸಿನಲ್ಲಿ ಹಾಕಿ ತರುತ್ತಿದ್ದ, ದೇವರ ಪ್ರಸಾದದಷ್ಟು ಜೋಪಾನವಾಗಿ. ಅವಳಿಗೆ ಕಣ್ಣು ತುಂಬಿ ಬಂದಿತ್ತು. ಆ ವಾರವೇ ಅವಳು ಬೇಕರಿಗೆ ವಾಪಸು ಹೋದಳು.

ಆ ವಾರವೇ ಅಂಕಿ ಏರತೊಡಗಿತು.

ಎರಡೂ ಒಂದೇ ವಾರ ಆದದ್ದೇ ಎಡವಟ್ಟಾಯಿತು. ಎಲ್ಲರ ಕಣ್ಣಿಗೂ ಬೇಕರಿ ಕಂಡಿತು. ಥರ್ಮಾಸು ಯಾರ ಕಣ್ಣಿಗೂ ಬೀಳಲಿಲ್ಲ. ಕೇಕು ಮಾಡುವವರ ರೂಢಿಯೂ ಅವಳ ಪಾಲಿಗೆ ಉರುಳಾಯಿತು. ಕ್ರೀಮು ಹದವಾಗಿದೆಯೇ ಎಂದು ನೋಡಲು ಎಡಗೈಯ ಹಿಂಭಾಗಕ್ಕೆ ಒಂದು ಬೊಟ್ಟು ಹಚ್ಚಿ ನೆಕ್ಕುವುದು ಅವರ ಪದ್ಧತಿ. ಕೇಕಕ್ಕ ಅದನ್ನು ಕಾಯಿಲೆ ಗೊತ್ತಾದ ದಿನವೇ ಬಿಟ್ಟಿದ್ದಳು. ಒಲೆ ನೋಡಿಕೊಳ್ಳುವ ಹಿರಿಯನ ಕೈಗೆ ಹಚ್ಚಿ, "ನೀವೇ ನೋಡಿ ಹೇಳಿ ಒಲೆಯಣ್ಣ" ಎನ್ನುತ್ತಿದ್ದಳು. ಬಿಟ್ಟೆ ಎಂದರೆ ಮನೆಯಲ್ಲಿ ನಂಬಬೇಕಲ್ಲ. ಅತ್ತೆ ಸಕ್ಕರೆ ಡಬ್ಬಿಯನ್ನು ತಮ್ಮ ಮಂಚದ ಕೆಳಗೆ ಸೇರಿಸಿ, ಅದರ ಮುಂದೆ ಚಪ್ಪಲಿ ಇಟ್ಟು ಮಲಗಲು ಶುರು ಮಾಡಿದರು. "ಬಾಯಿ ಕಟ್ಟಮ್ಮ, ಸ್ವಲ್ಪ ದಿನ ಬಾಯಿ ಕಟ್ಟು" ಎಂದು ತಲೆ ಸವರುತ್ತಿದ್ದರು. ಬೈದಿದ್ದರೆ ತಿರುಗಿ ಬೈಯಬಹುದಿತ್ತು, ತಲೆ ಸವರಿದವರಿಗೆ ಏನೆನ್ನುವುದು?

ಡಾಕ್ಟರಮ್ಮನಿಗೆ ಫೋನು ಮಾಡಿದರೆ ಡೋಸು ಹೆಚ್ಚಿಸಲು ಹೇಳಿದರು, ಸೋಮವಾರ ತಪ್ಪದೆ ಬನ್ನಿ ಎಂದರು. ಕೊನೆಗೆ ಮೆಲ್ಲಗೆ, ಊಟ ತಿಂಡಿ ಸರಿಯಾಗಿ ನಡೀತಿದೆ ತಾನೇ ಎಂದೂ ಕೇಳಿದರು. ಅಲ್ಲಿಗೆ ಕೇಕಕ್ಕನಿಗೆ ತನ್ನ ಮೇಲೇ ಅನುಮಾನ ಹುಟ್ಟಿತು. ಗಾಳಿಯಲ್ಲಿ ಹಾರುವ ಸಕ್ಕರೆ ಪುಡಿ ಮೂಗಿನಿಂದ ಒಳಗೆ ಹೋಗುತ್ತಿದೆಯೋ ಏನೋ ಎಂದು ಬಾಯಿ ಮೂಗಿಗೆ ಬಟ್ಟೆ ಬಿಗಿದು ನಿಂತಳು. ಬೆರಳಿಗೆ ಅಂಟಿದ ಕ್ರೀಮು ಚರ್ಮದೊಳಗೆ ಇಳಿಯುತ್ತದೇನೋ ಎಂದು ಕೈಗವಸು ಹಾಕಿಕೊಂಡಳು. ಒಂದು ಹೊತ್ತಿನ ಊಟ ಬಿಟ್ಟಳು, ಆಮೇಲೆ ಎರಡು ಹೊತ್ತಿನದನ್ನೂ ಬಿಟ್ಟಳು. ಅಂಕಿ ಮಾತ್ರ ಜಗ್ಗಲಿಲ್ಲ. ಕಣ್ಣು ಮಂಜಾಗತೊಡಗಿತು, ಅವಳು ಸುತ್ತಿದ ಗುಲಾಬಿ ಎಲೆಕೋಸಿನ ಹಾಗೆ ಕಾಣುತ್ತಿದೆ ಎಂದು ಒಲೆಯಣ್ಣ ನಗುತ್ತ ಹೇಳಿದವರು, ಅವಳ ಮುಖ ನೋಡಿ ನಗು ನಿಲ್ಲಿಸಿದರು.

ಆ ದಿನವೇ ಒಲೆಯಣ್ಣ ಇನ್ನೊಂದು ವಿಷಯವನ್ನೂ ಹೇಳಿದರು. ಹೊಟ್ಟೆಯಲ್ಲಿ ಇಟ್ಟುಕೊಳ್ಳಲಾಗದೆ ಹೇಳಿದರು. ಗಂಡ ಹಿಂದಿನ ವಾರ ಬೇಕರಿಯ ಹಿಂಬಾಗಿಲಿಗೆ ಬಂದಿದ್ದನಂತೆ. ಅವಳು ಏನಾದರೂ ಬಾಯಿಗೆ ಹಾಕಿಕೊಳ್ಳುತ್ತಾಳಾ, ಒಂದು ಕಣ್ಣಿಟ್ಟಿರಿ, ಅವಳಿಗೆ ಹೇಳಬೇಡಿ ಎಂದನಂತೆ. ಕೇಕಕ್ಕನ ಕೈಯಲ್ಲಿದ್ದ ಚೀಲದಿಂದ ಕ್ರೀಮು ತನ್ನಷ್ಟಕ್ಕೆ ಸುರಿಯಿತು.

ಸಂಜೆ ಅವಳು ಚಪ್ಪಲಿ ಕೂಡ ಬಿಡದೆ ಅವನ ಮುಂದೆ ನಿಂತಳು.

"ನನ್ನ ಮೇಲೆ ಕಾವಲು ಹಾಕಿದ್ರಾ?"

ಅವನು ಇಲ್ಲ ಎನ್ನಲಿಲ್ಲ. ಅದೊಂದು ಗುಣ ಅವನಲ್ಲಿತ್ತು, ಸುಳ್ಳು ಬರುತ್ತಿರಲಿಲ್ಲ. ನೀನು ಸಾಯೋದನ್ನ ನೋಡ್ಕೊಂಡು ಕೂರಬೇಕಿತ್ತಾ ಎಂದು ತಿರುಗಿ ಕೇಳಿದ. ಔಷಧಿ ನಾನೇ ತಂದುಕೊಡುತ್ತೇನೆ, ಚುಚ್ಚಿಕೊಳ್ಳುವುದನ್ನು ನಾನೇ ನೋಡುತ್ತೇನೆ, ಆದರೂ ಏರುತ್ತದೆ ಎಂದರೆ ಇನ್ನೇನು ಅರ್ಥ ಎಂದ. ಆಮೇಲೆ ದನಿ ತಗ್ಗಿಸಿ ಹೇಳಿದ:

"ಎರಡು ರಾತ್ರಿಯಿಂದ ನಿನ್ನ ಬಾಯಲ್ಲಿ ಹಣ್ಣಿನ ವಾಸನೆ ಬರ್ತಿದೆ. ಕೊಳೆತ ಬಾಳೆಹಣ್ಣಿಂದು. ನನ್ನ ಮೂಗು ಸುಳ್ಳು ಹೇಳುತ್ತಾ?"

ಕೇಕಕ್ಕ ಆ ವಾರ ಹಣ್ಣಿನ ಮುಖ ಕೂಡ ನೋಡಿರಲಿಲ್ಲ. ಅಳು ಒತ್ತಿಕೊಂಡು ಬಂತು, ಆದರೆ ಅತ್ತರೆ ಕದ್ದು ತಿಂದವಳು ಸಿಕ್ಕಿಬಿದ್ದು ಅತ್ತಂತೆ ಕಾಣುತ್ತದೆ ಎಂದು ನುಂಗಿಕೊಂಡಳು. ಸಾಯುವ ಭಯಕ್ಕಿಂತ ಆ ಹೊತ್ತಿಗೆ ಅವಳಿಗೆ ದೊಡ್ಡದಾಗಿ ಕಂಡದ್ದು ಬೇರೆ. ತಾನು ಹೀಗೇ ಸತ್ತರೆ, ಈ ಮನುಷ್ಯ ಜೀವಮಾನವಿಡೀ ಇವಳು ಕದ್ದು ತಿಂದು ಸತ್ತಳು ಎಂದೇ ಅಂದುಕೊಂಡಿರುತ್ತಾನೆ. ಅದನ್ನು ನೆನೆದು ಅವಳಿಗೆ ಎಲ್ಲಿಲ್ಲದ ಸಿಟ್ಟು ಬಂತು.

"ನಾಳೆ ಭಾನುವಾರ. ಬೆಳಗಿಂದ ಸಂಜೆ ತನಕ ನನ್ನ ಎದುರಿಗೆ ಕೂತ್ಕೊಳ್ಳಿ. ನೀವೇ ತಿನ್ನಿಸಿ, ನೀವೇ ಚುಚ್ಚಿ, ನೀವೇ ಮೀಟರು ನೋಡಿ. ಬಚ್ಚಲಿಗೆ ಹೋದ್ರೆ ನಿಮ್ಮಮ್ಮ ಬಾಗಿಲಲ್ಲಿ ನಿಂತಿರ್ಲಿ. ಆಮೇಲೆ ನೋಡೋಣ."

ಹಾಗೇ ಆಯಿತು. ಭಾನುವಾರ ಬೆಳಗ್ಗೆ ನಡುಮನೆಯಲ್ಲಿ ಎರಡು ಕುರ್ಚಿ ಎದುರುಬದುರು ಹಾಕಿದರು. ಗಂಡ ಸೀಸೆಗಳನ್ನು ಮೇಜಿನ ಮೇಲಿಟ್ಟ, ಡಾಕ್ಟರಮ್ಮ ಹೇಳಿದಷ್ಟನ್ನು ಸಿರಿಂಜಿಗೆ ಎಳೆದ, ತುಟಿ ಕಚ್ಚಿ ಚುಚ್ಚಿದ. ಅತ್ತೆ ಬೇಯಿಸಿದ ಒಂದು ಮೊಟ್ಟೆ ತಂದುಕೊಟ್ಟರು. ಕೇಕಕ್ಕ ಅರ್ಧ ತಿಂದಳು. ಇನ್ನರ್ಧ ಗಂಟಲಿಗೆ ಇಳಿಯಲಿಲ್ಲ. ಇಷ್ಟು ವರ್ಷದ ಸಂಸಾರದಲ್ಲಿ ಅವರಿಬ್ಬರೂ ಅಷ್ಟು ಹೊತ್ತು ಒಬ್ಬರ ಮುಖ ಒಬ್ಬರು ನೋಡುತ್ತ ಕೂತದ್ದು ಅದೇ ಮೊದಲು. ಮದುವೆಯಾದ ಹೊಸದರಲ್ಲಿ ಹೀಗೆ ಕೂರಿ ಎಂದಿದ್ದರೆ ಓಡಿಹೋಗುತ್ತಿದ್ದ ಭೂಪ, ಈಗ ರೆಪ್ಪೆ ಮಿಟುಕಿಸದೆ ಕೂತಿದ್ದ.

ಹತ್ತರ ಹೊತ್ತಿಗೆ ಅಂಕಿ ಇಳಿದಿರಬೇಕಿತ್ತು. ಏರಿತ್ತು. ಅವನು ಇನ್ನೊಂದು ಬೆರಳು ಚುಚ್ಚಿ ನೋಡಿದ, ಅದೇ. ತನ್ನ ಬೆರಳನ್ನೇ ಚುಚ್ಚಿಕೊಂಡು ನೋಡಿದ. ಮೀಟರು ಸರಿಯಾಗಿಯೇ ಇತ್ತು.

ಮಧ್ಯಾಹ್ನಕ್ಕೆ ಮತ್ತೆ ತಿಳಿ ಸೀಸೆಯಿಂದ ಎಳೆದು ಚುಚ್ಚಿದ. ಅವಳು ನೀರು ಬಿಟ್ಟು ಬೇರೇನೂ ಮುಟ್ಟಲಿಲ್ಲ. ಒಂದು ಗಂಟೆ ಕಳೆದರೂ ಅಂಕಿ ಕೆಳಗೆ ಬರುವುದಿರಲಿ, ನಾನೂರು ದಾಟಿತು. ಗಂಡನ ಹಣೆಯಲ್ಲಿ ಬೆವರು ಮೂಡಿತು. ಅಷ್ಟರಲ್ಲಿ ಕೇಕಕ್ಕ ಬಗ್ಗಿ ವಾಂತಿ ಮಾಡಿಕೊಂಡಳು. ಬರೀ ನೀರು. ಅವನು ಓಡಿ ಬಂದು ಅವಳ ತಲೆ ಹಿಡಿದುಕೊಂಡ. ಅವಳ ಮುಖ ಅವನ ಮುಖಕ್ಕೆ ಅಷ್ಟು ಹತ್ತಿರ ಬಂದಾಗ ಆ ವಾಸನೆ ಮತ್ತೆ ಬಂತು. ಹಣ್ಣಿನದು. ಮೊನ್ನೆಗಿಂತ ಗಾಢವಾಗಿ.

ಬೆಳಗಿನಿಂದ ಅವನೇ ಎದುರು ಕೂತಿದ್ದ. ಮನೆಯಲ್ಲಿ ಒಂದು ಹಣ್ಣಿನ ಸಿಪ್ಪೆ ಕೂಡ ಇರಲಿಲ್ಲ.

ಗಂಡ ಹಾಗೇ ನೆಲಕ್ಕೆ ಕುಸಿದು ಕೂತ. "ನೀನು ಏನೂ ತಿಂದಿಲ್ಲ" ಎಂದ, ಯಾರೋ ಬೇರೆಯವರಿಗೆ ಹೇಳುವ ಹಾಗೆ. ಆ ಮಾತು ಕೇಳಲು ಕೇಕಕ್ಕ ವಾರಗಟ್ಟಲೆ ಕಾದಿದ್ದಳು. ಈಗ ಕೇಳಿಸಿಕೊಳ್ಳುವ ತ್ರಾಣವಿರಲಿಲ್ಲ. ಉಸಿರು ಓಡಿ ಬಂದವಳಂತೆ ಜೋರಾಗಿ, ಆಳದಿಂದ ಬರುತ್ತಿತ್ತು. ಅತ್ತೆ ಅಡುಗೆಮನೆಯ ಬಾಗಿಲಲ್ಲಿ ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದರು.

"ಸೀಸೆ ನೋಡಿ. ನನ್ನ ಕಣ್ಣಿಗೆ ಏನೂ ಕಾಣಲ್ಲ. ಬೆಳಕಿಗೆ ಹಿಡಿದು ನೋಡಿ" ಎಂದಳು ಅವಳು. ತಾನು ತಿಂದಿಲ್ಲ, ಮೀಟರು ಕೆಟ್ಟಿಲ್ಲ, ಚುಚ್ಚುವ ಕೈ ತಪ್ಪಿಲ್ಲ, ಉಳಿದದ್ದು ಅದೊಂದೇ.

ಅವನು ಹಾಲಿನ ಬಣ್ಣದ ಸೀಸೆಯನ್ನು ಕಿಟಕಿಯ ಬೆಳಕಿಗೆ ಹಿಡಿದ. ಅಂಗೈಗಳ ನಡುವೆ ಉರುಳಿಸಿ ಮತ್ತೆ ಹಿಡಿದ. ಒಂದೇ ಸಮ ಬೆರೆಯುತ್ತಿಲ್ಲ, ಕಾಳು ಕಾಳಾಗಿದೆ, ಗಾಜಿನ ಒಳಗೋಡೆಗೆ ಹಿಟ್ಟು ಮೆತ್ತಿದ ಹಾಗೆ ಅಂಟಿದೆ ಎಂದ. ಕೇಕಕ್ಕ ಕಣ್ಣು ಮುಚ್ಚಿಕೊಂಡೇ ಕೇಳಿಸಿಕೊಂಡಳು. ಆ ಕಾಳು ಅವಳಿಗೆ ಗೊತ್ತು. ಕ್ರೀಮನ್ನು ಮರೆತು ಐಸಿನ ಗೂಡಿನಲ್ಲಿಟ್ಟರೆ, ಕರಗಿದ ಮೇಲೆ ಹಾಗೇ ಒಡೆದುಕೊಳ್ಳುತ್ತದೆ. ಆಮೇಲೆ ಎಷ್ಟು ಕಡೆದರೂ ಅದು ಕ್ರೀಮಾಗುವುದಿಲ್ಲ, ಚೆಲ್ಲಬೇಕಷ್ಟೇ.

"ರೀ, ಇದನ್ನ ಎಲ್ಲಿಟ್ಟಿದ್ರಿ?"

"ಒಂದನೇ ರೂಮಲ್ಲಿ" ಎಂದ. ಒಂದನೇ ರೂಮು ಎಂದರೆ ಮೀನು ಕಲ್ಲಾಗುವ ರೂಮು. "ಎಲ್ಲಕ್ಕಿಂತ ಚಳಿ ಇರೋದು ಅಲ್ಲೇ. ನಿನಗೆ ಒಳ್ಳೇದು ಇರ್ಲಿ ಅಂತ."

"ಗಟ್ಟಿ ಆಗಿತ್ತಾ?"

ಆಗಿತ್ತು. ಪ್ರತಿ ಸಲವೂ ಕಲ್ಲಿನಂತೆ ಗಟ್ಟಿಯಾಗಿತ್ತು. ಥರ್ಮಾಸಿನಲ್ಲಿ ಮನೆಗೆ ಬರುವಷ್ಟರಲ್ಲಿ ಕರಗುತ್ತಿತ್ತು, ಕರಗಿದ ಮೀನು ಮೀನೇ ಅಲ್ಲವೇ, ಕರಗಿದ ಬಟಾಣಿ ಬಟಾಣಿಯೇ ಅಲ್ಲವೇ ಎಂದು ಅವನು ನಿಶ್ಚಿಂತೆಯಾಗಿದ್ದ. ಗಟ್ಟಿಯಾದಷ್ಟೂ ಭದ್ರ ಎಂದು ಖುಷಿಯನ್ನೂ ಪಟ್ಟಿದ್ದ. ಈಗ ಸೀಸೆಯ ಪೆಟ್ಟಿಗೆಯನ್ನು ತಿರುಗಿಸಿ ನೋಡಿದ. ಮರಗಟ್ಟಿಸಬಾರದು ಎಂದು ಅದರ ಮೇಲೆ ಅಚ್ಚು ಹಾಕಿತ್ತು, ಇಷ್ಟು ದಿನವೂ ಇತ್ತು. ಅವನ ಮುಖದಲ್ಲಿ ರಕ್ತವೇ ಉಳಿಯಲಿಲ್ಲ.

ಅಯ್ಯೋ ಪಾಪ ಎನ್ನಲೂ ಪುರುಸೊತ್ತಿರಲಿಲ್ಲ. ಮೀಟರು ಈಗ ಅಂಕಿಯನ್ನೇ ಬಿಟ್ಟು, ತನ್ನ ಅಳತೆಗೆ ಮೀರಿದೆ ಎಂದು ಬರೀ ಎರಡಕ್ಷರ ತೋರಿಸುತ್ತಿತ್ತು. ಅವನು ಅವಳನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಮೆಟ್ಟಿಲಿಳಿದ. ಎಷ್ಟು ಹಗುರಾಗಿದ್ದಾಳೆ ಎಂದು ಅವನಿಗೆ ಗೊತ್ತಾದದ್ದು ಆಗಲೇ. ಬೀದಿಯಲ್ಲಿ ಸಿಕ್ಕ ಮೊದಲ ಗಾಡಿಗೆ ಅಡ್ಡ ನಿಂತ. ಗಾಡಿಯವನು ಬೈಯಲು ಬಾಯಿ ತೆರೆದವನು ಅವಳನ್ನು ನೋಡಿ ಹಿಂದಿನ ಬಾಗಿಲು ತೆಗೆದ. ದಾರಿಯುದ್ದಕ್ಕೂ ಗಂಡ ಅವಳ ಕೆನ್ನೆ ತಟ್ಟುತ್ತ, ನಿದ್ದೆ ಮಾಡಬೇಡ, ಬೈಯಿ, ನನ್ನ ಬೈಯಿ ಎನ್ನುತ್ತಿದ್ದ. ಬೈಯಲು ಅವಳಿಗೆ ಬಹಳ ಇತ್ತು. ನಾಲಿಗೆ ಒಣಗಿ ಅಂಗುಳಿಗೆ ಅಂಟಿತ್ತು.

ತುರ್ತು ವಿಭಾಗದಲ್ಲಿ ಒಬ್ಬರು ತೋಳಿಗೆ ಸೂಜಿ ಸೇರಿಸಿದರು, ಒಬ್ಬರು ಎದೆಗೆ ತಂತಿ ಅಂಟಿಸಿದರು. ಕಿರಿಯ ಡಾಕ್ಟರೊಬ್ಬ ಬರೆದುಕೊಳ್ಳುತ್ತಾ, ತಲೆಯೆತ್ತದೆ, ದಿನಕ್ಕೆ ಹತ್ತು ಜನರನ್ನು ಕೇಳುವ ಮಾಮೂಲಿ ದನಿಯಲ್ಲಿ ಕೇಳಿದ:

"ಏನಾದ್ರೂ ಸಿಹಿ ತಿಂದಿದ್ರಾ?"

ಕೇಕಕ್ಕನಿಗೆ ಮಂಪರು. ಆದರೂ ಆ ಪ್ರಶ್ನೆ ಅವಳನ್ನು ತಲುಪಿತು. ಇಲ್ಲ ಎನ್ನಲು ತುಟಿ ಅಲುಗಿತು, ದನಿ ಹೊರಡಲಿಲ್ಲ. ಅದಕ್ಕೆ ಮುಂಚೆಯೇ ಗಂಡನ ದನಿ ಇಡೀ ತುರ್ತು ವಿಭಾಗಕ್ಕೆ ಕೇಳಿಸಿತು.

"ತಿಂದಿಲ್ಲ. ಅವಳು ಒಂದು ದಿನಾನೂ ತಿಂದಿಲ್ಲ. ಔಷಧೀನ ಐಸಲ್ಲಿಟ್ಟು ನಾನು ಸಾಯಿಸಿದೆ. ಬರ್ಕೊಳ್ಳಿ."

ಕಿರಿಯ ಡಾಕ್ಟರು ಆಗ ತಲೆಯೆತ್ತಿದ.

ಮೂರನೇ ದಿನ ಅವಳನ್ನು ವಾರ್ಡಿಗೆ ತಂದರು. ಹೊಸ ಇನ್ಸುಲಿನ್ನಿಗೆ ಅಂಕಿ ಹೇಳಿದ ಮಾತು ಕೇಳುವ ಮಗುವಿನಂತೆ ಇಳಿದಿತ್ತು, ಕಣ್ಣಿನ ಮಂಜು ತಿಳಿಯಾಗತೊಡಗಿತ್ತು. ಡಾಕ್ಟರಮ್ಮ ಬಂದು, ಒಂದು ಸಲ ಮರಗಟ್ಟಿದರೆ ಇನ್ಸುಲಿನ್ ಸತ್ತ ಲೆಕ್ಕ, ಕರಗಿದ ಮೇಲೆ ಅದನ್ನು ಚುಚ್ಚಿಕೊಂಡರೆ ನೀರು ಚುಚ್ಚಿಕೊಂಡ ಹಾಗೆ, ದೇಹದಲ್ಲೇ ಇನ್ನೂ ಚೂರುಪಾರು ಉಳಿದಿದ್ದ ಇನ್ಸುಲಿನ್ ಇಷ್ಟು ವಾರ ಹೇಗೋ ತಳ್ಳಿಕೊಂಡು ಬಂದಿದೆ ಎಂದರು. ಇನ್ಸುಲಿನ್ ತೀರಾ ಕಡಿಮೆಯಾದರೆ ಬಾಯಲ್ಲಿ ಹಣ್ಣಿನಂಥ ವಾಸನೆ ಬರುತ್ತದೆ, ಅದು ದೇಹ ಕೂಗಿ ಹೇಳುವ ಕೊನೆಯ ಮಾತು ಎಂದೂ ಹೇಳಿದರು. ಕೊನೆಗೆ ಅವಳ ಪಕ್ಕದಲ್ಲಿ ಕೂತು, ತಾನೂ ಫೋನಿನಲ್ಲಿ ಊಟದ ಬಗ್ಗೆ ಕೇಳಿದೆನೇ ಹೊರತು ಔಷಧಿ ಎಲ್ಲಿಟ್ಟಿದ್ದೀರಿ ಎಂದು ಕೇಳಲಿಲ್ಲ, ಕೇಳಬೇಕಿತ್ತು ಎಂದರು. ಅತ್ತೆ ಮಂಚದ ಕಾಲು ಹಿಡಿದು ಅತ್ತರು. ಸಕ್ಕರೆ ಡಬ್ಬಿ ಅಡುಗೆಮನೆಗೆ ವಾಪಸು ಬಂದಿದೆಯಂತೆ.

ಗಂಡ ಮಾತ್ರ ಹತ್ತಿರ ಬರುತ್ತಿರಲಿಲ್ಲ. ಬಾಗಿಲ ಹತ್ತಿರ ನಿಲ್ಲುವುದು, ಹೋಗುವುದು, ಮತ್ತೆ ಬರುವುದು. ಅವಳೂ ಕರೆಯಲಿಲ್ಲ. ಕರೆಯುವಷ್ಟು ಸಿಟ್ಟು ಇಳಿದಿರಲಿಲ್ಲ, ಇಳಿಯಬೇಕೆಂದೂ ಅವಳಿಗೆ ಅನ್ನಿಸಿರಲಿಲ್ಲ. ಅವನು ಬೇಕರಿಯ ಹಿಂಬಾಗಿಲಿಗೆ ಹೋಗಿ, ಎಲ್ಲರೆದುರು ಒಲೆಯಣ್ಣನಿಗೆ ಕೈ ಮುಗಿದು, ಅವಳು ತಿಂದಿರಲಿಲ್ಲ, ತಪ್ಪು ನನ್ನದು ಎಂದು ಹೇಳಿ ಬಂದದ್ದು ಅವಳಿಗೆ ಒಲೆಯಣ್ಣನಿಂದಲೇ ತಿಳಿಯಿತು. ಕೇಳಿ ಅವಳು ಗೋಡೆಯ ಕಡೆ ಮಗ್ಗುಲಾದಳು.

ಸಂಜೆ ಅವನು ಒಂದು ಚೀಲ ಹಿಡಿದು ಬಂದ. ಒಂದನೇ ರೂಮಿನಲ್ಲಿ ಉಳಿದಿದ್ದ ಸೀಸೆಗಳೆಲ್ಲ ಅದರಲ್ಲಿದ್ದವು. ಕರಗಿ, ಹೊರಮೈಯಲ್ಲಿ ನೀರು ಬೆವರುತ್ತಿದ್ದವು. ಇವನ್ನೆಲ್ಲ ಚೆಲ್ಲಿಬಿಡುತ್ತೇನೆ, ನಿನ್ನ ಕಣ್ಣೆದುರೇ ಚೆಲ್ಲೋಣ ಅಂತ ತಂದೆ ಎಂದ. ಅವನ ಗಡ್ಡ ಬೆಳೆದಿತ್ತು, ಅಂಗಿಯ ಗುಂಡಿ ತಪ್ಪಿ ಹಾಕಿಕೊಂಡಿದ್ದ. ಅದೆಲ್ಲ ಅವಳಿಗೆ ಈಗ ಸ್ಪಷ್ಟವಾಗಿ ಕಾಣುತ್ತಿತ್ತು.

ಅವಳು ಕೈ ಚಾಚಿ ಚೀಲದಿಂದ ಒಂದು ಸೀಸೆ ತೆಗೆದಳು. ಬೆಳಕಿಗೆ ಹಿಡಿದು, ಅದರ ತಳದಲ್ಲಿ ಕೂತ ಬಿಳಿ ಕಾಳುಗಳನ್ನು ತನ್ನ ಕಣ್ಣಿನಿಂದಲೇ ನೋಡಿದಳು. ಆಮೇಲೆ ಅದನ್ನು ಅವನ ಅಂಗೈಯಲ್ಲಿಟ್ಟು ಬೆರಳುಗಳನ್ನು ಮಡಚಿದಳು.

"ಉಳಿದಿದ್ದು ಚೆಲ್ಲಿ. ಇದೊಂದು ನಿಮ್ಮ ಹತ್ರ ಇರ್ಲಿ. ನಾನು ಇನ್ನೂ ಬಹಳ ವರ್ಷ ಬದುಕ್ತೀನಿ, ಅಂಕಿ ಇನ್ನೂ ಎಷ್ಟೋ ಸಲ ಏರುತ್ತೆ. ಆಗ ನನ್ನ ಬಾಯಿ ನೋಡಬೇಕು ಅನ್ಸಿದ್ರೆ, ಮೊದಲು ಇದನ್ನ ನೋಡಿ."

ಅವನು ಅದನ್ನು ಅಂಗಿಯ ಜೇಬಿಗೆ ಹಾಕಿಕೊಂಡ. ಸೀಸೆಯ ತಣ್ಣನೆಯ ನೀರು ಬಟ್ಟೆಗೆ ಇಳಿದು ಎದೆಯ ಮೇಲೆ ಒದ್ದೆಯ ಕಲೆಯಾಯಿತು. ಅವನು ಒರೆಸಿಕೊಳ್ಳಲಿಲ್ಲ, ಕುರ್ಚಿ ಎಳೆದುಕೊಂಡು ಅವಳ ಎದುರಿಗೆ ಕೂತ.